ಇರಲಿ ಬಿಡಿ ಎನ್ನುವವರಿಗೆ



ಯುಗಾದಿ ಪಾಟ್‌ಲಕ್ಕಿನ ದಿನ ಒಬ್ಬಟ್ಟಿನ ಸಾಲಿನಲ್ಲಿ ನಿಂತಾಗ ಶುರುವಾದ ಮಾತು, ಪಾತ್ರೆ ತೊಳೆದು, ಕುರ್ಚಿ ಮಡಿಸಿಟ್ಟು, ಹಾಲಿನವರು ಬಂದು ದೀಪ ಆರಿಸುವವರೆಗೂ ಮುಗಿಯಲಿಲ್ಲ. ಕೆಲವರಿಗೆ ಬೇಸರವೂ ಆಯಿತು. ಅಂದು ಗಲಾಟೆಯಲ್ಲಿ ಸರಿಯಾಗಿ ಹೇಳಲಾಗದ್ದನ್ನು, ಮಕ್ಕಳನ್ನು ಇಲ್ಲಿನ ಪಬ್ಲಿಕ್ ಸ್ಕೂಲಿಗೆ ಕಳಿಸುತ್ತಿರುವ ನಾವು ನಾಲ್ಕು ಮನೆಯವರು ಸೇರಿ ಬರೆದಿದ್ದೇವೆ. ಸಂಪಾದಕರು ಜಾಗ ಕೊಟ್ಟಿದ್ದಾರೆ, ಅವರ ಅಭಿಪ್ರಾಯ ಇದೇ ಎಂದು ಯಾರೂ ತಿಳಿಯಬೇಕಾಗಿಲ್ಲ.

ವಿಷಯ ಎಲ್ಲರಿಗೂ ಗೊತ್ತಿರುವುದೇ. 2025ರ ಜೂನ್ ತಿಂಗಳಲ್ಲಿ ಟೆಕ್ಸಾಸಿನ ಗವರ್ನರ್ ಗ್ರೆಗ್ ಅಬ್ಬಟ್ ಅವರು ಸೆನೆಟ್ ಬಿಲ್ 10ಕ್ಕೆ ಸಹಿ ಹಾಕಿದರು. ಪಬ್ಲಿಕ್ ಸ್ಕೂಲಿನ ಪ್ರತಿ ತರಗತಿಯಲ್ಲೂ ಬೈಬಲಿನ ಹತ್ತು ಆಜ್ಞೆಗಳ ಪೋಸ್ಟರ್ ಇರಬೇಕು, ಅಗಲ 16 ಇಂಚು, ಎತ್ತರ 20 ಇಂಚಿಗೆ ಕಡಿಮೆ ಇರಬಾರದು, ಕೋಣೆಯ ಯಾವ ಮೂಲೆಯಿಂದ ನೋಡಿದರೂ ಓದಲು ಬರಬೇಕು. ಯಾರಾದರೂ ದಾನ ಕೊಟ್ಟರೆ ಸ್ಕೂಲು ತೆಗೆದುಕೊಂಡು ತೂಗುಹಾಕಲೇಬೇಕು. ಇದಕ್ಕೂ ಒಂದು ವರ್ಷ ಮೊದಲು, 2024ರಲ್ಲಿ, ಪಕ್ಕದ ಲೂಯಿಸಿಯಾನಾ ಇಂಥದೇ ಕಾನೂನು ಮಾಡಿತ್ತು. ಎರಡೂ ಕಡೆ ಪೋಷಕರು ಕೋರ್ಟಿಗೆ ಹೋದರು. ಟೆಕ್ಸಾಸಿನಲ್ಲಿ ಮೊಕದ್ದಮೆ ಹೂಡಿದವರಲ್ಲಿ ಯಹೂದಿಗಳಿದ್ದರು, ಕ್ರೈಸ್ತರೇ ಇದ್ದರು, ಹಿಂದೂಗಳೂ ಇದ್ದರು. 2025ರ ಆಗಸ್ಟಿನಲ್ಲಿ ಸ್ಯಾನ್ ಆಂಟೋನಿಯೋದ ಫೆಡರಲ್ ನ್ಯಾಯಾಧೀಶರು ಕೆಲವು ಸ್ಕೂಲ್ ಡಿಸ್ಟ್ರಿಕ್ಟುಗಳ ಮಟ್ಟಿಗೆ ತಡೆ ಹಾಕಿದರು. ಮೊಕದ್ದಮೆಯ ವಿಚಾರ ವಕೀಲರಿಗೆ ಬಿಡೋಣ. ನಮ್ಮ ತಕರಾರು ನಮ್ಮವರ ಹತ್ತಿರ.

ಅಂದು ನಮ್ಮ ಹಿರಿಯರೊಬ್ಬರು ಹೇಳಿದ್ದು ಹೀಗೆ: "ಇರಲಿ ಬಿಡ್ರೀ. ಕದಿಯಬೇಡ, ಕೊಲ್ಲಬೇಡ, ಅಪ್ಪ ಅಮ್ಮನಿಗೆ ಗೌರವ ಕೊಡು ಅಂತ ತಾನೆ ಬರೆದಿರೋದು? ನಾವು ಹೇಳೋದೂ ಅದೇ ಅಲ್ವೆ? ಈ ದೇಶದಲ್ಲಿ ಇಷ್ಟಾದರೂ ದೇವರು ದಿಂಡರು ಅನ್ನೋರು ಉಳಿದಿದ್ದಾರಲ್ಲ, ಸಂತೋಷ ಪಡಿ." ಸುತ್ತ ಕುಳಿತಿದ್ದ ಅರ್ಧ ಜನ ತಲೆಯಾಡಿಸಿದರು.

ಅವರ ಮಾತಿನ ಹಿಂದಿನ ಭಾವನೆ ನಮಗೂ ಅರ್ಥವಾಗುತ್ತದೆ. ನಾವೇನು ಎಡಪಂಥೀಯರಲ್ಲ. ಮನೆಯಲ್ಲಿ ಅಪ್ಪ ಅಮ್ಮ ಇಬ್ಬರೂ ಇರಬೇಕು, ಮಕ್ಕಳು ಹೇಳಿದ ಮಾತು ಕೇಳಬೇಕು, ಓದಿದವರಿಗೆ ಸೀಟು ಸಿಗಬೇಕು, ಸರ್ಕಾರ ಅಡುಗೆಮನೆಗೆ ಕಾಲಿಡಬಾರದು ಎಂದು ಇಲ್ಲಿನ ಸಂಪ್ರದಾಯವಾದಿಗಳು ಹೇಳಿದಾಗ, ಕಾರಿನ ರೇಡಿಯೋ ಮುಂದೆ ನಾವೂ ಹೌದು ಹೌದು ಎಂದವರೇ. ನಮ್ಮಲ್ಲಿ ಇಬ್ಬರ ಮನೆಯವರು ಪ್ರತಿ ಚುನಾವಣೆಯಲ್ಲೂ ರಿಪಬ್ಲಿಕನ್ ಪಕ್ಷಕ್ಕೇ ವೋಟು ಹಾಕುತ್ತಾ ಬಂದಿದ್ದಾರೆ. ಆದ್ದರಿಂದಲೇ ಈ ಪೋಸ್ಟರನ್ನು ಅವರದೇ ತಕ್ಕಡಿಯಲ್ಲಿಟ್ಟು ತೂಗಿ ನೋಡೋಣ ಎನ್ನುತ್ತಿದ್ದೇವೆ.

ಟೆಕ್ಸಾಸಿನಲ್ಲಿ ಈ ಸಹಿ ಬಿದ್ದ ಅದೇ ತಿಂಗಳು, ಜೂನ್ 27ರಂದು, ಸುಪ್ರೀಂ ಕೋರ್ಟ್ ಮಹಮೂದ್ ವಿರುದ್ಧ ಟೇಲರ್ ಎಂಬ ಮೊಕದ್ದಮೆಯಲ್ಲಿ ತೀರ್ಪು ಕೊಟ್ಟಿತು. ಮೇರಿಲ್ಯಾಂಡಿನ ಮಾಂಟ್‌ಗೊಮೆರಿ ಕೌಂಟಿಯ ಶಾಲೆಗಳು ಸಲಿಂಗ ವಿವಾಹ ಮುಂತಾದವುಗಳನ್ನು ಒಳಗೊಂಡ ಕಥೆಪುಸ್ತಕಗಳನ್ನು ಸಣ್ಣ ಮಕ್ಕಳ ತರಗತಿಗೆ ತಂದವು. ಮೊದಮೊದಲು, ಬೇಡವೆಂದ ಪೋಷಕರ ಮಕ್ಕಳನ್ನು ಆ ಪಾಠದ ಹೊತ್ತಿಗೆ ಹೊರಗೆ ಕಳಿಸುತ್ತಿದ್ದರು. ಆಮೇಲೆ ಆ ಅವಕಾಶವನ್ನೂ ಕಿತ್ತುಕೊಂಡರು. ಮುಸ್ಲಿಮರು, ಕ್ಯಾಥೊಲಿಕರು, ಉಕ್ರೇನಿನ ಆರ್ಥೊಡಾಕ್ಸ್ ಕ್ರೈಸ್ತರು ಒಟ್ಟಾಗಿ ಕೋರ್ಟಿಗೆ ಹೋದರು. ಆರು ಮೂರರ ಬಹುಮತದಿಂದ ಪೋಷಕರು ಗೆದ್ದರು. ಮಗುವಿಗೆ ಧರ್ಮ ಕಲಿಸುವುದು ತಂದೆತಾಯಿಯ ಹಕ್ಕು, ಆ ಕಲಿಕೆಯನ್ನು ಅಳ್ಳಾಡಿಸುವ ಪಾಠಕ್ಕೆ ಮಗುವನ್ನು ಕೂರಿಸಲೇಬೇಕೆಂದು ಶಾಲೆ ಬಲವಂತ ಮಾಡುವ ಹಾಗಿಲ್ಲ ಎಂಬುದು ತೀರ್ಪಿನ ತಿರುಳು. ಸಂಪ್ರದಾಯವಾದಿಗಳು ಹಬ್ಬ ಮಾಡಿದರು. ನಾವೂ ಒಳ್ಳೆಯದಾಯಿತು ಎಂದೆವು, ಈಗಲೂ ಎನ್ನುತ್ತೇವೆ.

ಹಾಗಾದರೆ ಕೇಳುತ್ತೇವೆ. ವರ್ಷಕ್ಕೆ ಒಂದೆರಡು ಸಲ ಓದಿ ಮುಚ್ಚಿಡುವ ಕಥೆಪುಸ್ತಕ ಐದು ವರ್ಷದ ಮಗುವಿನ ನಂಬಿಕೆಯನ್ನು ಅಲುಗಿಸುತ್ತದೆಯಂತೆ. ವರ್ಷವಿಡೀ, ದಿನಕ್ಕೆ ಏಳು ಗಂಟೆ, ಕಿಂಡರ್‌ಗಾರ್ಟನ್ನಿನಿಂದ ಹನ್ನೆರಡನೆಯ ತರಗತಿಯವರೆಗೆ ಕಣ್ಣಿಗೆ ಕುಕ್ಕುವಂತೆ ತೂಗುವ ಪೋಸ್ಟರ್ ಮಾತ್ರ ಏನೂ ಮಾಡುವುದಿಲ್ಲವೆ? ಕಥೆ ಓದುವಾಗ ಮಗುವನ್ನು ಲೈಬ್ರರಿಗೆ ಕಳಿಸಬಹುದು. ಗೋಡೆಯಿಂದ ಎಲ್ಲಿಗೆ ಕಳಿಸುವುದು? ಮೇರಿಲ್ಯಾಂಡಿನ ತಾಯಿಗೆ ಪೋಷಕರ ಹಕ್ಕು, ಟೆಕ್ಸಾಸಿನ ನಮ್ಮ ಮನೆಯ ತಾಯಿಗೆ "ಇಷ್ಟವಿಲ್ಲದಿದ್ದರೆ ನೋಡಬೇಡ" ಎಂಬ ಉಪದೇಶ. ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದು ಕಣ್ಣಿಗೆ ಸುಣ್ಣ. (ಇನ್ನೊಂದು ತಮಾಷೆ. ವಯಸ್ಸಿಗೆ ತಕ್ಕದ್ದಲ್ಲವೆಂದು ಸ್ಕೂಲ್ ಲೈಬ್ರರಿಯಿಂದ ಪುಸ್ತಕ ತೆಗೆಸುವವರೇ ಒಂದನೇ ತರಗತಿಯ ಗೋಡೆಗೆ ವ್ಯಭಿಚಾರದ ಮಾತು ತೂಗುಹಾಕಿಸಿದ್ದಾರೆ. ಅದರ ಅರ್ಥವನ್ನು ಆರು ವರ್ಷದ ಮಗುವಿಗೆ ಯಾರು ಹೇಳಬೇಕು, ಟೀಚರೋ ನಾವೋ?)

ಇನ್ನು "ಒಳ್ಳೆಯ ಮಾತು ತಾನೆ" ಎಂಬುದಕ್ಕೆ ಬರೋಣ. ಕದಿಯಬೇಡ, ಕೊಲ್ಲಬೇಡ ಎಂಬುದು ಕೆಳಗಿನ ಸಾಲುಗಳಲ್ಲಿ ಬರುವ ಮಾತು. ಮೇಲಿನಿಂದ ಓದಿ. ಮೊದಲ ಆಜ್ಞೆ ಬೇರೆ ದೇವರು ಕೂಡದು ಎನ್ನುತ್ತದೆ. ಅದರ ಬೆನ್ನಿಗೇ ವಿಗ್ರಹ ಮಾಡಿಕೊಳ್ಳಬಾರದು ಎಂದಿದೆ. ಕ್ರೈಸ್ತರಿಗೆ ಅದು ಅವರ ದೇವರ ಅಪ್ಪಣೆ. ಅವರ ಚರ್ಚಿನಲ್ಲಿ, ಮನೆಯಲ್ಲಿ ಅವರು ಅದನ್ನು ಪಾಲಿಸಲಿ, ನಮಗೆ ಗೌರವವಿದೆ. ಆದರೆ ಬೆಳಿಗ್ಗೆ ದೇವರ ಮನೆಯಲ್ಲಿ ಗಣಪತಿಗೆ ಕೈ ಮುಗಿದು ಬಸ್ಸು ಹತ್ತಿದ ಮಗು ಏನೆಂದು ಓದಿಕೊಳ್ಳಬೇಕು? ನಮ್ಮಲ್ಲೊಬ್ಬರ ಮಗಳು, ಮೂರನೇ ಕ್ಲಾಸು, ಒಂದು ಸಂಜೆ ಊಟಕ್ಕೆ ಕುಳಿತಾಗ ಕೇಳಿದಳು: "ಅಮ್ಮ, ನಮ್ಮ ಮನೇಲಿ ಇರೋದೆಲ್ಲ ಅಲೌಡ್ ಇಲ್ವಾ?" ಯಾರೂ ಅವಳನ್ನು ಹಂಗಿಸಿರಲಿಲ್ಲ. ಅವಳ ಟೀಚರು ಒಳ್ಳೆಯವರು. ಅವಳು ಗೋಡೆ ಓದಿದ್ದಳು, ಅಷ್ಟೆ. ಓದು ಎಂದು ನಾವೇ ಹೇಳಿಕೊಟ್ಟಿದ್ದೆವಲ್ಲ.

ಇದು "ಜ್ಯೂಡಿಯೋ ಕ್ರಿಶ್ಚಿಯನ್" ಪರಂಪರೆ, ಎಲ್ಲರಿಗೂ ಸೇರಿದ ಇತಿಹಾಸ ಎಂದು ವಾದಿಸುತ್ತಾರೆ. ಅದೂ ಪೂರ್ತಿ ನಿಜವಲ್ಲ. ಯಹೂದಿಗಳ ಎಣಿಕೆಯಲ್ಲಿ, ಈಜಿಪ್ಟಿನ ದಾಸ್ಯದಿಂದ ಬಿಡಿಸಿ ತಂದ ದೇವರು ನಾನು ಎಂಬುದೇ ಮೊದಲನೆಯದು. ಟೆಕ್ಸಾಸಿನ ಪೋಸ್ಟರಿನಲ್ಲಿ ಈಜಿಪ್ಟಿನ ಮಾತೇ ಇಲ್ಲ. ಕ್ಯಾಥೊಲಿಕರೂ ಲೂಥರನ್ನರೂ ವಿಗ್ರಹದ ಮಾತನ್ನು ಮೊದಲನೆಯದರೊಳಗೇ ಸೇರಿಸಿ ಎಣಿಸುತ್ತಾರೆ. ಪೋಸ್ಟರಿನ ಭಾಷೆ ಪ್ರಾಟೆಸ್ಟೆಂಟರ ಹಳೆಯ ಕಿಂಗ್ ಜೇಮ್ಸ್ ಬೈಬಲಿನದು. ಅಂದರೆ ಯಾರ ದೇವರ ಮಾತು ಯಾವ ಪಾಠಾಂತರದಲ್ಲಿ ಸರಿ ಎಂದು ಆಸ್ಟಿನ್ನಿನ ಶಾಸಕರು ಓಟು ಹಾಕಿ ತೀರ್ಮಾನ ಮಾಡಿದರು. ಸರ್ಕಾರ ಚಿಕ್ಕದಿರಬೇಕು ಎನ್ನುವವರ ಸರ್ಕಾರ ಪೌರೋಹಿತ್ಯಕ್ಕೂ ಇಳಿಯಿತು.

ಇದು ಅಮೆರಿಕಕ್ಕೆ ಹೊಸ ಜಗಳವೂ ಅಲ್ಲ. 1844ರಲ್ಲಿ ಫಿಲಡೆಲ್ಫಿಯಾದಲ್ಲಿ, ಕ್ಯಾಥೊಲಿಕ್ ಮಕ್ಕಳು ಶಾಲೆಯಲ್ಲಿ ತಮ್ಮ ಬೈಬಲನ್ನೇ ಓದಲಿ ಎಂದು ಅವರ ಬಿಷಪ್ ಕೇಳಿದ್ದು ದೊಡ್ಡ ವಿವಾದವಾಗಿ, ಬೀದಿಯಲ್ಲಿ ಗುಂಡು ಹಾರಿ ಜನ ಸತ್ತರು, ಎರಡು ಕ್ಯಾಥೊಲಿಕ್ ಚರ್ಚುಗಳು ಸುಟ್ಟವು. ಅಂದು ಒಂದೇ ಕ್ರಿಸ್ತನನ್ನು ನಂಬುವವರಿಗೇ ಒಬ್ಬರ ಬೈಬಲ್ ಇನ್ನೊಬ್ಬರಿಗೆ ಒಗ್ಗಲಿಲ್ಲ. 1962ರಲ್ಲಿ ನ್ಯೂಯಾರ್ಕಿನ ಶಾಲೆಗಳಿಗೆಂದು ಸರ್ಕಾರವೇ ಬರೆಸಿದ 22 ಪದಗಳ ಪ್ರಾರ್ಥನೆಯನ್ನು ಸುಪ್ರೀಂ ಕೋರ್ಟ್ ಬೇಡವೆಂದಿತು. 1980ರಲ್ಲಿ ಕೆಂಟಕಿಯ ಇಂಥದೇ ಹತ್ತು ಆಜ್ಞೆಗಳ ಕಾನೂನನ್ನೂ ರದ್ದು ಮಾಡಿತು. ಅಲ್ಲಿಯೂ ಪೋಸ್ಟರಿನ ದುಡ್ಡು ದಾನಿಗಳದೇ ಆಗಿತ್ತು. ದೇಶ ಕೆಟ್ಟದ್ದು 1962ರಿಂದ ಎಂದು ಹಲವು ಸಂಪ್ರದಾಯವಾದಿಗಳು ಇಂದಿಗೂ ಹೇಳುತ್ತಾರೆ. ಮಕ್ಕಳು ಕೆಟ್ಟರೆ ಅದು ಸ್ಕೂಲಿನ ಗೋಡೆ ಬೋಳಾಗಿದ್ದರಿಂದಲೋ ಮನೆಯ ಊಟದ ಮೇಜು ಖಾಲಿಯಾಗಿದ್ದರಿಂದಲೋ ಎಂದು ಅವರನ್ನೇ ಕೇಳಬೇಕು.

ಅಂದು ನಮ್ಮನ್ನು ಸ್ವಲ್ಪ ಕಟ್ಟಿಹಾಕಿದ ವಾದ ಬೇರೆಯದು. "ನಾವೆಲ್ಲ ಬೆಂಗಳೂರು, ಮಂಗಳೂರಿನ ಕಾನ್ವೆಂಟಿನಲ್ಲಿ ಓದಿದವರು. ದಿನಾ ಬೆಳಿಗ್ಗೆ ಅವರ ಪ್ರಾರ್ಥನೆ ಹೇಳಿದೆವು. ಏನಾಯಿತು? ಕೆಟ್ಟು ಹೋದೆವಾ?" ಇಲ್ಲ, ಕೆಡಲಿಲ್ಲ. ಆದರೆ ಅದು ಚರ್ಚು ನಡೆಸುತ್ತಿದ್ದ ಶಾಲೆ. ಅಪ್ಪ ಸಾಲಿನಲ್ಲಿ ನಿಂತು, ಯಾರ್ಯಾರನ್ನೋ ಹಿಡಿದು, ಫೀಸು ಕಟ್ಟಿ ತಾವಾಗಿ ಸೇರಿಸಿದ್ದು. ಕಾಂಪೌಂಡು ದಾಟಿದರೆ ಬೀದಿಯ ತುಂಬ ನಮ್ಮ ಗುಡಿ, ನಮ್ಮ ತೇರು, ನಮ್ಮ ಅಜ್ಜಿ. ಇಲ್ಲಿ ಶಾಲೆ ಸರ್ಕಾರದ್ದು, ನಡೆಯುವುದು ನಾವು ಕಟ್ಟುವ ಪ್ರಾಪರ್ಟಿ ಟ್ಯಾಕ್ಸಿನಲ್ಲಿ, ಮತ್ತು ಇಡೀ ತರಗತಿಯಲ್ಲಿ ನಮ್ಮ ಮಗು ಒಂದೇ. ಹಾಗೆ ನೋಡಿದರೆ ಭಾರತದ ಸಂವಿಧಾನದ 28ನೆಯ ವಿಧಿ ಇದನ್ನು ಆಗಲೇ ಯೋಚಿಸಿದೆ: ಪೂರ್ತಿ ಸರ್ಕಾರದ ಹಣದಲ್ಲಿ ನಡೆಯುವ ಶಾಲೆಯಲ್ಲಿ ಧರ್ಮಬೋಧನೆ ಇರಕೂಡದು, ಅನುದಾನಿತ ಶಾಲೆಯಲ್ಲಿ ಪೋಷಕರ ಒಪ್ಪಿಗೆಯಿಲ್ಲದೆ ಮಗುವನ್ನು ಕೂರಿಸಕೂಡದು. ಊರಿನಲ್ಲಿ ಅದನ್ನು ಎಷ್ಟು ಪಾಲಿಸುತ್ತಾರೆ ಎಂದು ಕೇಳಬೇಡಿ. ಅಲ್ಲಿ ನಾವು ಬಹುಸಂಖ್ಯಾತರಾಗಿದ್ದಾಗ ಸರ್ಕಾರಿ ಶಾಲೆಯ ಪೂಜೆಯ ದಿನ ಪಕ್ಕದ ಬೆಂಚಿನ ಹುಡುಗನಿಗೆ ಹೇಗನ್ನಿಸುತ್ತಿತ್ತು ಎಂದು ನಾವೂ ಕೇಳಿರಲಿಲ್ಲ. ಆ ಪ್ರಶ್ನೆ ನಮಗೆ ಇಲ್ಲಿಗೆ ಬಂದ ಮೇಲೆ ಹುಟ್ಟಿತು, ಒಪ್ಪುತ್ತೇವೆ.

"ಅವರು ನಮ್ಮನ್ನೂ ತಮ್ಮವರೆಂದೇ ನೋಡುತ್ತಾರೆ" ಎಂಬ ಭ್ರಮೆಯೂ ನಮ್ಮವರಲ್ಲಿದೆ. 2000ದ ಸೆಪ್ಟೆಂಬರ್ 14ರಂದು ಅಮೆರಿಕದ ಹೌಸಿನಲ್ಲಿ ಮೊದಲ ಬಾರಿಗೆ ಹಿಂದೂ ಅರ್ಚಕರೊಬ್ಬರು ಪ್ರಾರ್ಥನೆ ಹೇಳಿದಾಗ ಆಕ್ಷೇಪ ಎತ್ತಿದ್ದು ಕುಟುಂಬದ ಹೆಸರಿಟ್ಟುಕೊಂಡ ಫ್ಯಾಮಿಲಿ ರಿಸರ್ಚ್ ಕೌನ್ಸಿಲ್. 2007ರ ಜುಲೈಯಲ್ಲಿ ಸೆನೆಟ್ಟಿನಲ್ಲಿ ಹಿಂದೂ ಪ್ರಾರ್ಥನೆಯಾದಾಗ ಗ್ಯಾಲರಿಯಿಂದ ಕೂಗಾಡಿದವರನ್ನು ಪೊಲೀಸರು ಎಳೆದುಕೊಂಡು ಹೋಗಬೇಕಾಯಿತು. 2024ರಲ್ಲಿ ಮಿಲ್ವಾಕಿಯ ರಿಪಬ್ಲಿಕನ್ ಸಮಾವೇಶದಲ್ಲಿ ಹರ್ಮೀತ್ ಧಿಲ್ಲನ್ ಅವರು ಸಿಖ್ಖರ ಅರ್ದಾಸ್ ಹೇಳಿದ್ದಕ್ಕೆ ಅವರ ಪಾಳೆಯದವರೇ ಕೆಲವರು ಬೈದರು. ನಮ್ಮ ಹತ್ತಿರದ ಉದಾಹರಣೆ ಬೇಕೆ? ಶುಗರ್ ಲ್ಯಾಂಡಿನ ಅಷ್ಟಲಕ್ಷ್ಮಿ ದೇವಸ್ಥಾನದಲ್ಲಿ 2024ರಲ್ಲಿ ನಿಂತ 90 ಅಡಿಯ ಹನುಮಂತನನ್ನು ನಮ್ಮಲ್ಲಿ ಎಷ್ಟೋ ಜನ ಹೋಗಿ ನೋಡಿ ಬಂದಿದ್ದೀರಿ. 2025ರ ಸೆಪ್ಟೆಂಬರಿನಲ್ಲಿ ಸೆನೆಟ್ಟಿಗೆ ರಿಪಬ್ಲಿಕನ್ ಟಿಕೆಟ್ ಬಯಸಿದ್ದ ಅಲೆಕ್ಸಾಂಡರ್ ಡಂಕನ್, ಇದು ಸುಳ್ಳು ದೇವರ ಸುಳ್ಳು ಮೂರ್ತಿ, ನಮ್ಮದು ಕ್ರೈಸ್ತ ರಾಷ್ಟ್ರ ಎಂಬ ಅರ್ಥದಲ್ಲಿ ಬರೆದರು. ಪೋಸ್ಟರಿನ ಮೊದಲ ಸಾಲುಗಳನ್ನು ಅವರು ಸರಿಯಾಗಿಯೇ ಓದಿಕೊಂಡಿದ್ದರು ಎನ್ನಬೇಕು. ನಮ್ಮವರೇ ಓದಿಲ್ಲ.

ಆದರೆ ಅಮೆರಿಕ ಎಂದರೆ ಡಂಕನ್ ಒಬ್ಬರೇ ಅಲ್ಲವಲ್ಲ. ವರ್ಜೀನಿಯಾ 1786ರಲ್ಲಿ ಧಾರ್ಮಿಕ ಸ್ವಾತಂತ್ರ್ಯದ ಕಾನೂನು ಮಾಡಿತು. ಬರೆದವರು ಥಾಮಸ್ ಜೆಫರ್‌ಸನ್, ಸಭೆಯಲ್ಲಿ ದಾಟಿಸಿದವರು ಜೇಮ್ಸ್ ಮ್ಯಾಡಿಸನ್. ಪೀಠಿಕೆಯಲ್ಲಿ ಯೇಸುಕ್ರಿಸ್ತನ ಹೆಸರು ಸೇರಿಸಬೇಕೆಂದು ಕೆಲವರು ಹಟ ಹಿಡಿದರು, ಸಭೆ ಭಾರಿ ಬಹುಮತದಿಂದ ತಳ್ಳಿಹಾಕಿತು. ಇದನ್ನು ಜೆಫರ್‌ಸನ್ ತಮ್ಮ ಆತ್ಮಕಥೆಯಲ್ಲಿ ನೆನೆಯುತ್ತಾ, ಕಾನೂನಿನ ರಕ್ಷಣೆ ಯಾರ್ಯಾರಿಗೆ ಎಂದು ಪಟ್ಟಿ ಕೊಡುತ್ತಾರೆ: ಯಹೂದಿ, ಕ್ರೈಸ್ತ, ಮುಸಲ್ಮಾನ, ಏನನ್ನೂ ನಂಬದವನು, ಜೊತೆಗೆ ಹಿಂದೂ. ಆಗ ವರ್ಜೀನಿಯಾದಲ್ಲಿ ಹಿಂದೂ ದೇವಸ್ಥಾನವೊಂದೂ ಇರಲಿಲ್ಲ. 1965ರ ವಲಸೆ ಕಾನೂನಿನ ನಂತರ ಸೂಟ್‌ಕೇಸ್ ಹಿಡಿದು ಬಂದಿಳಿದ ನಮಗೆ ಅವರು ಅಷ್ಟು ಮೊದಲೇ ಎಲೆ ಹಾಕಿಟ್ಟಿದ್ದರು. ನಿಜವಾಗಿ ಹಳೆಯದನ್ನು ಕಾಪಾಡುವವರು ಸಂಪ್ರದಾಯವಾದಿಗಳಾದರೆ, ಕಾಪಾಡಬೇಕಾದ ಸಂಪ್ರದಾಯ ಇದು. ನಾವು "ಇರಲಿ ಬಿಡಿ" ಎಂದರೆ ಆ ಎಲೆಯ ಮುಂದಿಂದ ನಾವೇ ಎದ್ದು ಹೋದಂತೆ.

ನಮ್ಮ ಬೆನ್ನನ್ನೂ ಒಮ್ಮೆ ನೋಡಿಕೊಳ್ಳಬೇಕು. ಬಾಲವಿಹಾರಕ್ಕೆ ಮಕ್ಕಳನ್ನು ಇಳಿಸಿ, ಪಾರ್ಕಿಂಗ್ ಲಾಟಿನಲ್ಲಿ ಕಾರೊಳಗೆ ಕುಳಿತು ಫೋನು ನೋಡುವವರು ನಾವೇ. ಎಷ್ಟು ಮನೆಗಳಲ್ಲಿ ಸಂಜೆ ದೀಪ ಹಚ್ಚುತ್ತೇವೆ? ವಿಗ್ರಹ ಏಕೆ ಪೂಜಿಸುತ್ತೇವೆ ಎಂದು ಆ ಮಗು ಕೇಳಿದಾಗ ಅವಳ ಅಪ್ಪ "ನಿನ್ನ ಅಜ್ಜಿಗೆ ವೀಡಿಯೋ ಕಾಲ್ ಮಾಡಿ ಕೇಳು" ಎಂದರಂತೆ. ಈ ಕಾಗದಕ್ಕೆ ಸೇರಿದ ನಾಲ್ವರು ಅಪ್ಪಂದಿರಲ್ಲಿ ಅವರೂ ಒಬ್ಬರು, ಹೆಸರು ಹೇಳುವುದಿಲ್ಲ.

ಈಗ ಕೆಲಸದ ಮಾತು. ಮುಂದಿನ ಸ್ಕೂಲ್ ಬೋರ್ಡ್ ಸಭೆಗೆ ನಾವು ಹೋಗುತ್ತಿದ್ದೇವೆ. ಪೋಸ್ಟರ್ ಕಿತ್ತುಹಾಕಿ ಎಂದು ಕೂಗಲು ಅಲ್ಲ, ಅದು ಕೋರ್ಟಿನ ಕೆಲಸ. ಮೂರು ವಿಷಯ ಬರವಣಿಗೆಯಲ್ಲಿ ಕೇಳುತ್ತೇವೆ: ಯಾವ ಮಗುವಿನಿಂದಲೂ ಅದನ್ನು ಗಟ್ಟಿಯಾಗಿ ಓದಿಸಬಾರದು, ಅದರ ಮೇಲೆ ಪಾಠ ಮಾಡುವುದಾದರೆ ಪೋಷಕರಿಗೆ ಮೊದಲೇ ತಿಳಿಸಬೇಕು, ಬೇಡವೆಂದವರ ಮಕ್ಕಳನ್ನು ಆ ಹೊತ್ತಿಗೆ ಹೊರಗೆ ಕಳಿಸಬೇಕು. ಮಹಮೂದ್ ತೀರ್ಪಿನ ಮೊದಲ ಪುಟದ ಪ್ರತಿಯನ್ನು ಜೊತೆಗೆ ಲಗತ್ತಿಸುತ್ತೇವೆ. ಅವರೇ ಗೆದ್ದ ತೀರ್ಪು, ಬೇಡವೆನ್ನುವುದು ಕಷ್ಟ. ಮಾತಾಡುವವರು ಸಭೆ ಶುರುವಾಗುವ ಮೊದಲೇ ಹೆಸರು ಬರೆಸಬೇಕು, ಸಿಗುವುದು ಕೆಲವೇ ನಿಮಿಷ, ಆದ್ದರಿಂದ ಬರೆದುಕೊಂಡು ಬನ್ನಿ. "ಇರಲಿ ಬಿಡಿ" ಎಂದ ಹಿರಿಯರೂ ಬಂದರೆ ನಮಗೆ ಸಂತೋಷ, ವಿರೋಧವಾಗಿಯೇ ಮಾತಾಡಲಿ. ಅವರಿಗೆ ರಾತ್ರಿ ಹೊತ್ತು ಡ್ರೈವ್ ಮಾಡುವುದು ಕಷ್ಟ ಎಂದು ಗೊತ್ತು, ನಮ್ಮ ವ್ಯಾನಿನಲ್ಲಿ ಎರಡು ಸೀಟು ಖಾಲಿ ಇದೆ.