ಫೋನು ಯಾರ ಹೆಸರಿನಲ್ಲಿದೆ?



ಮಾವಿನಕಾಯಿ ಉಪ್ಪಿನಕಾಯಿಗೆ ಬೂಷ್ಟು ಹಿಡಿಯದಂತೆ ನೋಡಿಕೊಳ್ಳುವುದು ಹೇಗೆ ಅಂತ ಹೋದ ಸಂಚಿಕೆಯಲ್ಲಿ ಬರೆದಿದ್ದೆನಲ್ಲ, ಅದಕ್ಕೆ ಬಂದ ಕಾಗದಗಳ ಕಟ್ಟಿನಲ್ಲಿ ಉಪ್ಪಿನಕಾಯಿಗೆ ಏನೇನೂ ಸಂಬಂಧವಿಲ್ಲದ ಕಾಗದವೊಂದು ಸಿಕ್ಕಿತು. ಬರೆದವರು ಮಧ್ಯವಯಸ್ಸಿನ ಗೃಹಿಣಿ. 'ನಮ್ಮ ಮನೆಯೊಳಗೆ ಫೋನಿಗೆ ಸಿಗ್ನಲ್ಲೇ ಬರೋಲ್ಲ, ಹಿತ್ತಿಲಿಗೆ ಓಡಬೇಕು. ಬೇರೆ ಕಂಪನಿಗೆ ಬದಲಾಯಿಸಿಕೊಡು ಅಂತ ಮಗನಿಗೆ ಹೇಳಿ ವರ್ಷವಾಯ್ತು. ಇದನ್ನ ನಾನೇ ಮಾಡಿಕೊಳ್ಳಬಹುದಾ, ಇಲ್ಲಾ ಗಂಡಸರೇ ಹೋಗಬೇಕಾ?' ಅಂತ ಕೇಳಿದ್ದಾರೆ.

ನೀವೇ ಮಾಡಿಕೊಳ್ಳಬಹುದು, ತಾಯಿ. ಆದರೆ ಅದಕ್ಕೆ ಮೊದಲು ಒಂದು ಪ್ರಶ್ನೆ ಇದೆ. ಆ ಪ್ರಶ್ನೆ ಎಷ್ಟು ದೊಡ್ಡದು ಅಂತ ನನಗೆ ತಿಳಿದದ್ದು ನಮ್ಮ ಅಕ್ಕನ ಮಗಳಿಂದ, ಅದೂ ಅಮೆರಿಕದಲ್ಲಿ ಒಂದು ಫೋನು ಎರಡನೇ ಕಂಪನಿಗೆ ಬಂದ ಕಾಲದಲ್ಲಿ. ಸ್ವಲ್ಪ ದೂರದ ದಾರಿ. ಒಲೆ ಸಣ್ಣ ಮಾಡಿ ಬನ್ನಿ, ಹೇಳ್ತೀನಿ.

ಐಫೋನ್ ಹೆಸರು ನೀವೆಲ್ಲ ಕೇಳಿದ್ದೀರಿ. ಹಿಂಬದಿಯಲ್ಲಿ ಕಚ್ಚಿದ ಸೇಬಿನ ಗುರುತು ಇರುತ್ತಲ್ಲ, ಅದೇ. ಆಪಲ್ ಕಂಪನಿಯ ಸ್ಟೀವ್ ಜಾಬ್ಸ್ ಅದನ್ನು ಮೊದಲು ಜನರಿಗೆ ತೋರಿಸಿದ್ದು 2007ರ ಜನವರಿ 9ರಂದು, ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ. ಅಂಗಡಿಗೆ ಬಂದದ್ದು ಅದೇ ವರ್ಷ ಜೂನ್ 29ಕ್ಕೆ. ಬೆಲೆ 499 ಡಾಲರ್, ದೊಡ್ಡದಕ್ಕೆ 599. ದುಡ್ಡಿದ್ದ ಮಾತ್ರಕ್ಕೆ ಆಗಲಿಲ್ಲ ಅನ್ನುವುದೇ ಇಲ್ಲಿನ ವಿಶೇಷ. ಅಮೆರಿಕದಲ್ಲಿ ಆ ಫೋನು ಎಟಿ ಅಂಡ್ ಟಿ ಎಂಬ ಒಂದೇ ಕಂಪನಿಯ ಜಾಲದಲ್ಲಿ ನಡೆಯುತ್ತಿತ್ತು, ಮೇಲೆ ಎರಡು ವರ್ಷದ ಕರಾರು ಬೇರೆ.

ನಮಗೆ ಇದು ವಿಚಿತ್ರ. ನಮ್ಮಲ್ಲಿ ಒಲೆ ಬೇರೆ, ಸಿಲಿಂಡರ್ ಬೇರೆ. ಫೋನು ಒಂದು ಅಂಗಡಿಯಲ್ಲಿ ಕೊಂಡು, ಸಿಮ್ ಇನ್ನೊಂದು ಅಂಗಡಿಯಲ್ಲಿ ಹಾಕಿಸಿ ರೂಢಿ. ಮಿಕ್ಸಿ ಕೊಳ್ಳಲು ಹೋದಾಗ, 'ಅಮ್ಮಾ, ಇದು ಎದುರು ಬೀದಿಯ ಕರೆಂಟಿನಲ್ಲಿ ಮಾತ್ರ ತಿರುಗುತ್ತೆ, ನಿಮ್ಮ ಮನೆಯದರಲ್ಲಿ ಇಲ್ಲ' ಅಂದರೆ ಹೇಗಿರುತ್ತೆ? ಅಲ್ಲಿ ಆಗಿದ್ದು ಅದೇ. ಫೋನಿನ ಬೆಲೆಯಲ್ಲಿ ಒಂದು ಭಾಗವನ್ನು ಜಾಲದ ಕಂಪನಿಯೇ ಹೊತ್ತು, ಆಮೇಲೆ ತಿಂಗಳ ಬಿಲ್ಲಿನಲ್ಲಿ ವಸೂಲು ಮಾಡಿಕೊಳ್ಳುವ ಪದ್ಧತಿ ಆ ದೇಶದಲ್ಲಿ ಬೇರೂರಿತ್ತು. 2008ರಲ್ಲಿ ಬಂದ ಎರಡನೇ ಐಫೋನು 199 ಡಾಲರಿಗೇ ಸಿಕ್ಕಿತು ಅಂದರೆ ಅಗ್ಗವಾಯಿತು ಅಂತಲ್ಲ, ಉಳಿದದ್ದು ಕಂತಿನಲ್ಲಿ ಅಡಗಿತ್ತು ಅಷ್ಟೆ. ನಮ್ಮ ದೇಶಕ್ಕೆ ಅದೇ ಫೋನು 2008ರ ಆಗಸ್ಟ್ 22ಕ್ಕೆ ಬಂದಾಗ ಏರ್‌ಟೆಲ್ ಮತ್ತು ವೊಡಾಫೋನ್ ಎರಡರಲ್ಲೂ ಮೊದಲ ದಿನದಿಂದಲೇ ಇತ್ತು. ಬೆಲೆ ಮಾತ್ರ 31,000 ರೂಪಾಯಿ! ಆ ಬೆಲೆಗೆ ಆಗ ನಾನು ಫ್ರಿಜ್ಜು, ವಾಷಿಂಗ್ ಮೆಷಿನ್ನು ಎರಡನ್ನೂ ತರುವ ಲೆಕ್ಕ ಹಾಕುತ್ತಿದ್ದೆ.

ಈಗ ಅಕ್ಕನ ಮಗಳ ಕಥೆಗೆ ಬರ್ತೀನಿ. ಅವಳು ಓದಲಿಕ್ಕೆ ಅಂತ 2006ರಲ್ಲಿ ಅಲ್ಲಿಗೆ ಹೋದವಳು. ಹೋದ ಹೊಸದರಲ್ಲಿ ವೆರೈಝನ್ ಅನ್ನುವ ಕಂಪನಿಯ ಫೋನು ತೆಗೆದುಕೊಂಡಳು. ಮಡಚುವ ಫೋನು, ಟಪ್ ಅಂತ ಮುಚ್ಚಿದರೆ ಮಾತು ಮುಗೀತು. ಬಿಲ್ಲಿನ ಮೇಲೆ ಅವಳದೇ ಹೆಸರು. ಆ ಸಂಖ್ಯೆಯನ್ನು ನಮ್ಮಕ್ಕ ತಿಪಟೂರಿನ ಮನೆಯ ಗೋಡೆಗೆ, ಕ್ಯಾಲೆಂಡರ್ ಪಕ್ಕದಲ್ಲಿ ಪೆನ್ಸಿಲಿನಲ್ಲಿ ಬರೆದಿಟ್ಟಿದ್ದಳು. ಎರಡು ಸಲ ಸುಣ್ಣ ಹೊಡೆಸಿದಾಗಲೂ ಅಷ್ಟು ಜಾಗ ಬಿಟ್ಟು ಹೊಡೆಸಿದಳು ಅಂದರೆ ನೋಡಿ!

ಮದುವೆಯಾಯಿತು. ಅಳಿಯಂದಿರ ಹತ್ತಿರ ಐಫೋನು. 'ನೀನೂ ನನ್ನ ಫ್ಯಾಮಿಲಿ ಪ್ಲಾನಿಗೆ ಸೇರಿಕೋ, ಖರ್ಚೂ ಕಡಿಮೆ, ಒಳ್ಳೇ ಫೋನೂ ಸಿಗುತ್ತೆ' ಅಂತ ಅವರು. ಅದರಲ್ಲಿ ಕೆಟ್ಟದ್ದೇನೂ ಇರಲಿಲ್ಲ, ಪ್ರೀತಿಯಿಂದಲೇ ಹೇಳಿದ್ದು. ಸಂಖ್ಯೆ ಬದಲಾಗುವ ಭಯವೂ ಇರಲಿಲ್ಲ. ಆ ದೇಶದಲ್ಲಿ 2003ರಿಂದಲೇ ಸಂಖ್ಯೆ ಉಳಿಸಿಕೊಂಡು ಕಂಪನಿ ಬದಲಾಯಿಸುವ ಅನುಕೂಲ ಇತ್ತು. ಆದರೆ ಫ್ಯಾಮಿಲಿ ಪ್ಲಾನಿನಲ್ಲಿ ಖಾತೆ ಒಬ್ಬರ ಹೆಸರಿನಲ್ಲಿರುತ್ತೆ. ಕಂಪನಿ ಮಾತನಾಡುವುದು ಆ ಖಾತೆದಾರರ ಜತೆ. 'ಚಿಕ್ಕಮ್ಮ, ನನ್ನ ಫೋನು ಕೆಟ್ಟರೆ ವಿಚಾರಿಸೋಕೂ ಇವರನ್ನ ಮುಂದಿಟ್ಟುಕೊಂಡು ಹೋಗಬೇಕಾ?' ಅಂತ ಅವಳು ನನ್ನನ್ನು ಕೇಳಿದಳು. ನಾನೇನು ಹೇಳಿದೆ ಗೊತ್ತೇ? 'ಅಷ್ಟಕ್ಕೆಲ್ಲ ಹಟ ಯಾಕೆ, ಹೊಂದಿಕೊಂಡು ಹೋಗಮ್ಮ' ಅಂದೆ. ಈ ಪುಟದಲ್ಲಿ ಬುದ್ಧಿ ಹೇಳುವ ನಾನೇ ಹಾಗೆ ಹೇಳಿದೆ.

ಅವಳು ಕೇಳಲಿಲ್ಲ. ಗೆಳತಿಯರ ಕೈಯಲ್ಲೆಲ್ಲ ಐಫೋನು ಇರುವಾಗ ಇವಳು ಟಪ್ ಫೋನಿನಲ್ಲೇ ವರ್ಷ ತಳ್ಳಿದಳು.

2011ರ ಜನವರಿ 11ಕ್ಕೆ ನ್ಯೂಯಾರ್ಕಿನಲ್ಲಿ ಸುದ್ದಿ ಹೊರಬಿತ್ತು: ಐಫೋನು ವೆರೈಝನ್ನಿಗೂ ಬರುತ್ತೆ. ಫೆಬ್ರವರಿ 10ರಿಂದ ಮಾರಾಟ. ಕರಾರಿನ ಮೇಲೆ 199 ಡಾಲರ್ 99 ಸೆಂಟ್. ಮೂರೂವರೆ ವರ್ಷ ಒಂದೇ ಬಾಗಿಲಿದ್ದ ಮನೆಗೆ ಎರಡನೇ ಬಾಗಿಲು ಇಟ್ಟ ಹಾಗಾಯಿತು. ಅಲ್ಲಿಯವರೆಗೆ ತಡವಾದದ್ದಕ್ಕೆ ಬರೀ ಒಪ್ಪಂದವಷ್ಟೇ ಕಾರಣವಲ್ಲ, ಎರಡು ಜಾಲಗಳ ಯಂತ್ರವಿದ್ಯೆಯೇ ಬೇರೆ. ಎಟಿ ಅಂಡ್ ಟಿಯದು ಜಿಎಸ್‌ಎಂ, ನಮ್ಮಲ್ಲಿ ಸಿಮ್ ಹಾಕುವ ಫೋನುಗಳಂತೆ. ವೆರೈಝನ್ನಿನದು ಸಿಡಿಎಂಎ. ನಮ್ಮಲ್ಲೂ ರಿಲಯನ್ಸ್, ಟಾಟಾ ಇಂಡಿಕಾಂ ಅಂತ ಹಿಂದೆ ಬರುತ್ತಿದ್ದುವು ನೋಡಿ, ಅದೇ ಜಾತಿ. ಹಾಗಾಗಿ ಆಪಲ್‌ನವರು ಐಫೋನ್ 4ನ್ನು ಈ ಜಾಲಕ್ಕೆ ಹೊಂದುವಂತೆ ಬೇರೆಯಾಗಿಯೇ ಮಾಡಬೇಕಾಯಿತು.

ಅಕ್ಕನ ಮಗಳು ಫೋನು ತಂದಳು, ತನ್ನ ಹೆಸರಿನಲ್ಲೇ. ಅಳಿಯಂದಿರು ತಮಾಷೆ ಮಾಡದೆ ಬಿಡಲಿಲ್ಲ. ಅವಳ ಫೋನಿನಲ್ಲಿ ಮಾತನಾಡುತ್ತಿರುವಾಗ ಇಂಟರ್ನೆಟ್ ನಡೆಯುತ್ತಿರಲಿಲ್ಲ, ಒಂದು ಸಲಕ್ಕೆ ಒಂದೇ ಕೆಲಸ. ಅವರದರಲ್ಲಿ ಎರಡೂ ಒಟ್ಟಿಗೆ ಆಗುತ್ತಿತ್ತು. ಒಂದು ಒಲೆಯಲ್ಲಿ ಹಾಲು, ಇನ್ನೊಂದರಲ್ಲಿ ಸಾರು ಇಟ್ಟ ಹಾಗೆ. ಇವಳದು ಒಂಟಿ ಒಲೆ. ಸಿಮ್ ಹಾಕುವ ಜಾಗವೇ ಇಲ್ಲದ್ದರಿಂದ ಊರಿಗೆ ಬಂದಾಗ ಇಲ್ಲಿನ ಸಿಮ್ ಹಾಕಿಕೊಳ್ಳಲೂ ಆಗುತ್ತಿರಲಿಲ್ಲ. ಆ ವರ್ಷ ಅಕ್ಟೋಬರಿನಲ್ಲೇ ಹೊಸ ಮಾದರಿ ಬೇರೆ ಬಂದುಬಿಟ್ಟಿತು! ಅವಳಿಗೆ ಅದರಿಂದೆಲ್ಲ ಏನೂ ಬೇಜಾರಾಗಲಿಲ್ಲ. 'ಚಿಕ್ಕಮ್ಮ, ನಾನು ಫೋನಿದ್ದಲ್ಲಿಗೆ ಹೋಗಲಿಲ್ಲ, ಫೋನೇ ನಾನಿದ್ದಲ್ಲಿಗೆ ಬಂತು' ಅಂದಳು. ಗೋಡೆಯ ಮೇಲಿನ ಪೆನ್ಸಿಲ್ ಸಂಖ್ಯೆ ಹಾಗೇ ಉಳಿಯಿತು.

ನಾನು ನಕ್ಕು ಸುಮ್ಮನಾದೆ. ಅದು ಯಾಕೆ ಅಷ್ಟು ಮುಖ್ಯ ಅನ್ನೋದು ಅರ್ಥವಾಗಲು ಎಂಟು ವರ್ಷ ಹಿಡಿಯಿತು.

2019ರಲ್ಲಿ ನಮ್ಮ ಭಾವ ತೀರಿಕೊಂಡರು. ಅಕ್ಕನ ಕೈಯಲ್ಲಿದ್ದ ಮೊಬೈಲು ಭಾವ ತಂದುಕೊಟ್ಟದ್ದು. ಹತ್ತು ವರ್ಷದಿಂದ ಅವಳದೇ ಫೋನು, ಅವಳದೇ ಸಂಖ್ಯೆ ಅಂತ ನಾವೆಲ್ಲ ತಿಳಿದಿದ್ದೆವು. ಗ್ಯಾಸ್ ಬುಕ್ ಮಾಡೋದು ಅದರಿಂದ, ಬ್ಯಾಂಕಿನ ಒಟಿಪಿ ಬರೋದು ಅದಕ್ಕೆ, ಪಿಂಚಣಿಯ ಮೆಸೇಜೂ ಅದಕ್ಕೇ. ಮನೆಯೊಳಗೆ ಸಿಗ್ನಲ್ ಕಡಿಮೆಯಾಗಿ, ಕಂಪನಿ ಬದಲಾಯಿಸೋಣ ಅಂತ ಅಕ್ಕ ಪೇಟೆ ಬೀದಿಯ ಅಂಗಡಿಗೆ ಹೋದಳು. ಹುಡುಗ ನೋಡಿ, 'ಅಜ್ಜಿ, ಸಿಮ್ಮು ಯಜಮಾನರ ಹೆಸರಲ್ಲಿದೆ, ಅವರನ್ನ ಕರ್ಕೊಂಡು ಬನ್ನಿ' ಅಂದನಂತೆ.

'ಅವರನ್ನ ಕರ್ಕೊಂಡು ಬರೋ ಹಾಗಿದ್ರೆ ನಿನ್ನ ಅಂಗಡಿಗೆ ನಾನು ಯಾಕಪ್ಪ ಬರ್ತಿದ್ದೆ?' ಅಂದು ಅಕ್ಕ ಎದ್ದು ಬಂದಳು. ಮನೆಗೆ ಬಂದು ನನಗೆ ಫೋನು ಮಾಡಿದಳು. ಹಿತ್ತಿಲಿನಿಂದ. ಏನೂ ಮಾತಾಡಲಿಲ್ಲ, ಸುಮ್ಮನೆ ಅತ್ತಳು.

ಆದ್ದರಿಂದ, ಕಾಗದ ಬರೆದ ತಾಯಿ, ನಿಮ್ಮನ್ನು ನಾನು ಮೊದಲು ಕೇಳುವುದು ಇದು: ಸಿಮ್ ಯಾರ ಹೆಸರಿನಲ್ಲಿದೆ? ನಿಮ್ಮ ಹೆಸರಲ್ಲೇ ಇದ್ದರೆ ಕೆಲಸ ಸುಲಭ. ನಮ್ಮ ದೇಶದಲ್ಲಿ ಸಂಖ್ಯೆ ಉಳಿಸಿಕೊಂಡು ಕಂಪನಿ ಬದಲಾಯಿಸುವ ಪದ್ಧತಿ 2010ರ ನವೆಂಬರ್ 25ಕ್ಕೆ ಹರಿಯಾಣದಲ್ಲಿ ಶುರುವಾಗಿ, 2011ರ ಜನವರಿ 20ಕ್ಕೆ ದೇಶಕ್ಕೆಲ್ಲ ಬಂತು. ಅಮೆರಿಕದಲ್ಲಿ ಆ ಫೋನಿನ ಸುದ್ದಿ ಬಂದು ಒಂಬತ್ತು ದಿನ ಆಗಿತ್ತು, ನೋಡಿ. ಮೊದಲು ಪಕ್ಕದ ಮನೆಯವರ ಫೋನು ಯಾವ ಕಂಪನಿಯದು, ಅವರ ಒಳಕೋಣೆಯಲ್ಲಿ ಸಿಗ್ನಲ್ ಬರುತ್ತಾ ಅಂತ ವಿಚಾರಿಸಿ. ಜಾಹೀರಾತು ನಂಬಬೇಡಿ, ಅವರ ಅಡುಗೆಮನೆಯಲ್ಲಿ ನಿಂತು ನೋಡಿ. ಆಮೇಲೆ ನಿಮ್ಮ ಫೋನಿನಿಂದ ಪೋರ್ಟ್ ಅನ್ನುವ ಪದವನ್ನು ಇಂಗ್ಲಿಷಿನಲ್ಲಿ ಬರೆದು, ಜಾಗ ಬಿಟ್ಟು, ನಿಮ್ಮ ಹತ್ತು ಅಂಕಿಯ ಸಂಖ್ಯೆ ಬರೆದು 1900ಕ್ಕೆ ಮೆಸೇಜು ಕಳಿಸಿ. ಎಂಟು ಅಕ್ಷರ-ಅಂಕಿಗಳ ಒಂದು ಕೋಡು ಬರುತ್ತೆ. ನಮ್ಮ ಕಡೆ ಅದಕ್ಕೆ ನಾಲ್ಕು ದಿನದ ಆಯಸ್ಸು. ಅಷ್ಟರೊಳಗೆ ಹೊಸ ಕಂಪನಿಯ ಅಂಗಡಿಗೆ ನಿಮ್ಮ ಗುರುತಿನ ಚೀಟಿ ಹಿಡಿದು ನೀವೇ ಹೋಗಬೇಕು. ರಾಜ್ಯದೊಳಗೇ ಆದರೆ ಕೆಲಸದ ದಿನ ಮೂರರಲ್ಲಿ ಮುಗಿಯುತ್ತೆ. ಬದಲಾಗುವ ಹೊತ್ತಿನಲ್ಲಿ ಕೆಲವು ಗಂಟೆ ಫೋನು ಸತ್ತ ಹಾಗಿರುತ್ತೆ, ಗಾಬರಿಯಾಗಬೇಡಿ.

ಹಳೇ ಕಂಪನಿಯಲ್ಲಿ ನೀವು 90 ದಿನವಾದರೂ ಇದ್ದಿರಬೇಕು. ಬಿಲ್ಲು ಕಟ್ಟುವ ಫೋನಾದರೆ ಬಾಕಿ ತೀರಿಸಿರಬೇಕು. ರೀಚಾರ್ಜಿನಲ್ಲಿ ಉಳಿದ ಹಣ ಹೊಸ ಕಡೆಗೆ ಬರೋಲ್ಲ, ಆದ್ದರಿಂದ ಮೊನ್ನೆ ತಾನೇ ಮೂರು ತಿಂಗಳದ್ದು ಹಾಕಿಸಿದ್ದರೆ ಅದು ಮುಗಿಯುವವರೆಗೆ ತಡೆಯಿರಿ. ಸಿಮ್ ಕಳೆದುಹೋಗಿ ಹೊಸದು ಹಾಕಿಸಿದ್ದರೆ ಏಳು ದಿನ ಕಾಯಬೇಕು. ಮೋಸಗಾರರ ಹಾವಳಿಗೆ ಅಂತ 2024ರ ಜುಲೈಯಿಂದ ಈ ನಿಯಮ ಬಂದಿದೆ. ಇನ್ನೊಂದು ಮಾತು: 'ನಾವೇ ಬದಲಾಯಿಸಿಕೊಡ್ತೀವಿ, ಆ ಕೋಡು ಹೇಳಿ' ಅಂತ ಯಾರಾದರೂ ಫೋನು ಮಾಡಿದರೆ ಖಂಡಿತ ಹೇಳಬೇಡಿ.

ಸಿಮ್ ಗಂಡನದೋ ಮಗನದೋ ಹೆಸರಲ್ಲಿದ್ದರೆ? ಮೊದಲು ಈಗಿನ ಕಂಪನಿಯ ಕಚೇರಿಯಲ್ಲೇ ಹೆಸರು ಬದಲಾಯಿಸಿಕೊಳ್ಳಿ. ಅವರು ಒಪ್ಪಿ ಜತೆಗೆ ಬಂದರೆ ಹೂವೆತ್ತಿದ ಹಾಗೆ. ಇದನ್ನು ಕೇಳಲು ಸಂಕೋಚ ಬೇಡ. ನಿಮ್ಮ ಅಡುಗೆಮನೆಯ ಡಬ್ಬಿಗಳ ಮೇಲೆ ಯಾರ ಹೆಸರು ಬರೆದಿದೆ ಅಂತ ಯಾರೂ ಕೇಳೋಲ್ಲ, ನಿಜ. ಫೋನು ಹಾಗಲ್ಲ, ಈಗ ಬ್ಯಾಂಕು ನಿಮ್ಮನ್ನು ಗುರುತು ಹಿಡಿಯುವುದೇ ಅದರಿಂದ. ಸಂಚಾರ್ ಸಾಥಿ ಅಂತ ಕೇಂದ್ರ ಸರ್ಕಾರದ ಒಂದು ವ್ಯವಸ್ಥೆ ಇದೆ, ಒಬ್ಬರ ಹೆಸರಿನಲ್ಲಿ ಎಷ್ಟು ಸಂಖ್ಯೆ ಇವೆ ಅಂತ ತೋರಿಸುತ್ತೆ. ಕಾಲೇಜಿಗೆ ಹೋಗುವ ಮಕ್ಕಳಿದ್ದರೆ ಅವರಿಂದ ನೋಡಿಸಿ.

ನಮ್ಮಕ್ಕನಿಗೆ ಈ ಸುಲಭದ ದಾರಿ ಇರಲಿಲ್ಲ. ಭಾವನ ಮರಣ ಪತ್ರ, ತನ್ನ ಗುರುತಿನ ಚೀಟಿ, ಸಂಬಂಧಕ್ಕೆ ಸಾಕ್ಷಿಯಾಗಿ ರೇಷನ್ ಕಾರ್ಡು, ಮಗಳ ಒಪ್ಪಿಗೆ ಪತ್ರ ಎಲ್ಲ ಒಂದು ಚೀಲದಲ್ಲಿ ಹಾಕಿಕೊಂಡು ಮೂರು ಸಲ ಓಡಾಡಿದಳು. ಒಪ್ಪಿಗೆ ಪತ್ರ ಅಮೆರಿಕದಿಂದ ಬರಬೇಕಾಯಿತು. ಕಳಿಸಿದವಳು ತನ್ನ ಹೆಸರನ್ನು ಬಿಟ್ಟುಕೊಡದ ಆ ಮಗಳೇ. ಜತೆಗೆ ಒಂದು ಚೀಟಿ ಬರೆದಿದ್ದಳು, 'ಅಮ್ಮ, ಈಗ ನಿನ್ನ ಸರದಿ' ಅಂತ. ಅಂದಹಾಗೆ ಅವಳ ಆ ಐಫೋನು ಈಗ ಮೇಜಿನ ಖಾನೆಯಲ್ಲಿ ಮಲಗಿದೆ. ವೆರೈಝನ್‌ನವರು 2022ರ ಕೊನೆಗೆ ಆ ಹಳೇ ಜಾಲವನ್ನೇ ಮುಚ್ಚಿದರು.

ಹೆಸರು ಬದಲಾದ ದಿನ ಅಕ್ಕ ಫೋನು ಮಾಡಿದಳು. 'ಮೆಸೇಜಿನಲ್ಲಿ ನನ್ನ ಹೆಸರು ಬಂದಿದೆ ಕಣೇ. ಸ್ಪೆಲ್ಲಿಂಗ್ ತಪ್ಪು ಬರೆದಿದ್ದಾರೆ, ಇರಲಿ ಬಿಡು.' ಹಾಗಾದರೆ ಕಂಪನಿ ಬದಲಾಯಿಸೋದು ಯಾವಾಗ ಅಂತ ಕೇಳಿದೆ. ಏನೋ ಹೇಳಿದಳು, ಸರಿಯಾಗಿ ಕೇಳಿಸಲಿಲ್ಲ. 'ಇರು, ಹಿತ್ತಿಲಿಗೆ ಬರ್ತೀನಿ' ಅಂದಳು. ಬಾಗಿಲು ತೆಗೆದ ಸದ್ದು ಕೇಳಿಸಿತು.

ಮುಂದಿನ ಸಂಚಿಕೆಗೆ ಹಲಸಿನಕಾಯಿ ಹಪ್ಪಳದ ವಿಷಯ. ಬಿಸಿಲು ಹೋಗುವುದರೊಳಗೆ ನಿಮ್ಮ ನಿಮ್ಮ ಊರಿನ ಅಳತೆ ಬರೆದು ಕಳಿಸಿ.