ಪ್ರಮಾಣ ಕಡಿಮೆ ಎಂದರೆ ಸಾಲದು



ಮಕ್ಕಳ ಮೇಲಿನ ಸಂಶೋಧನೆಯಲ್ಲಿ ವಿಕಿರಣದ ಮಾತು ಬಂದಾಗಲೆಲ್ಲ ‘ಪ್ರಮಾಣ ತೀರಾ ಕಡಿಮೆ’ ಎಂಬ ಉತ್ತರ ಸಿದ್ಧವಿರುತ್ತದೆ. ಅಮೆರಿಕದ ಫರ್ನಾಲ್ಡ್ ಶಾಲೆಯಲ್ಲಿ 1946ರಿಂದ 1953ರವರೆಗೆ ಹುಡುಗರ ಮೇಲೆ ನಡೆದ ಪೋಷಣೆಯ ಅಧ್ಯಯನದಲ್ಲೂ ಪ್ರಮಾಣ ಕಡಿಮೆಯೇ ಇತ್ತು. ಸಂಶೋಧಕರು ಅವರ ಓಟ್ಸ್ ಗಂಜಿಗೆ, ಹಾಲಿಗೆ ವಿಕಿರಣಶೀಲ ಕಬ್ಬಿಣ, ಕ್ಯಾಲ್ಸಿಯಂ ಬೆರೆಸಿದರು. ‘ಸೈನ್ಸ್ ಕ್ಲಬ್’ ಎಂದು ಪುಸಲಾಯಿಸಿ ಬೇಸ್‌ಬಾಲ್ ಆಟಕ್ಕೆ ಕರೆದೊಯ್ದರು. ಪೋಷಕರಿಗೆ ಬರೆದ ಪತ್ರದಲ್ಲಿ ವಿಕಿರಣದ ಸುದ್ದಿಯೇ ಇರಲಿಲ್ಲ. ಮುಂದೆ ತನಿಖೆಯಲ್ಲಿ ದೊಡ್ಡ ಹಾನಿ ಕಾಣಲಿಲ್ಲ, ಆದರೂ ಪರಿಹಾರ ತೆರಬೇಕಾಯಿತು. ತಪ್ಪು ಇದ್ದದ್ದು ಗಂಜಿಗಿಂತ ಹೆಚ್ಚಾಗಿ ಆ ಪತ್ರದಲ್ಲಿ.

ಹಾಗಾದರೆ ಮಕ್ಕಳ ಪೋಷಣೆಯ ಅಧ್ಯಯನವೇ ಬೇಡವೇ ಎಂದು ಕೇಳುವವರಿದ್ದಾರೆ. ಉತ್ತರಕ್ಕೆ ನಮ್ಮ ಕೋಣನಕುಂಟೆಯಿಂದ ಬಹುದೂರ ಹೋಗಬೇಕಿಲ್ಲ. ಕೋರಮಂಗಲದ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯಲ್ಲಿ ಇಂಥ ಪೋಷಣೆಯ ಅಧ್ಯಯನಕ್ಕೆ ವಿಕಿರಣ ಸೂಸದ ಸ್ಥಿರ ಐಸೊಟೋಪ್‌ ಬಳಸುತ್ತಾರೆ. ಡ್ಯುಟೀರಿಯಂ ಬೆರೆತ ನೀರು ಕುಡಿಸಿ, ಜೊಲ್ಲಿನ ಮಾದರಿ ತೆಗೆದು ಮೈಯ ಕೊಬ್ಬು ಎಷ್ಟೆಂದು ತಿಳಿಯಬಹುದು. ಕ್ಯಾನ್ಸರ್ ಪ್ರಯೋಗಗಳಲ್ಲಿ ಮಾತ್ರ ಸಿ.ಟಿ. ಸ್ಕ್ಯಾನ್ ಬೇಡವೆನ್ನಲಾಗದು, ನಿಜ. ಅಲ್ಲಿ ಚಿಕಿತ್ಸೆಗೆ ಹೇಗೂ ಬೇಕಾದ ಸ್ಕ್ಯಾನ್ ಎಷ್ಟು, ಸಂಶೋಧನೆಗೆಂದೇ ಸೇರಿಸಿದ್ದು ಎಷ್ಟು ಎಂಬುದೇ ಪ್ರಶ್ನೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿ ಪೋಷಕರ ಸಹಿಯ ಜತೆಗೆ 7 ವರ್ಷ ದಾಟಿದ ಮಗುವಿನ ಸಮ್ಮತಿಯನ್ನೂ ಕೇಳುತ್ತದೆ. ಸಂಶೋಧನೆಗೆಂದೇ ಸೇರಿಸಿದ ಸ್ಕ್ಯಾನ್‌ಗಳ ಲೆಕ್ಕ ಆ ಒಪ್ಪಿಗೆ ಪತ್ರದ ಮೊದಲ ಪುಟದಲ್ಲೇ, ತಿಳಿಯಾದ ಕನ್ನಡದಲ್ಲಿ ಇರಲಿ.

– ಓದುಗ, ಕೋಣನಕುಂಟೆ, ಬೆಂಗಳೂರು