ಸಂಬಳ ಯಾರ ಕೈಗೆ?



ಹೆಣ್ಣುಮಕ್ಕಳು ದುಡಿಯಲು ಹೊರಟರೆ ವರದಕ್ಷಿಣೆ ತಾನಾಗಿಯೇ ನಿಲ್ಲುತ್ತದೆ ಎಂಬ ಮಾತನ್ನು ನಾವೆಲ್ಲ ಕೇಳಿದ್ದೇವೆ. ನಾನೂ ನಂಬಿದ್ದೆ. ಹನ್ನೊಂದು ವರ್ಷ ಬೆಂಗಳೂರಿನ ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಮಾಡಿದ ಮೇಲೆ ಆ ನಂಬಿಕೆ ಉಳಿದಿಲ್ಲ.

ಹೊಲದಲ್ಲಿ ಕಳೆ ಕೀಳುತ್ತಿದ್ದ, ಮನೆಯಲ್ಲಿ ಊದುಬತ್ತಿ ಹೊಸೆಯುತ್ತಿದ್ದ ನಮ್ಮಂಥವರಿಗೆ ತಿಂಗಳ ಸಂಬಳ, ಇಎಸ್‌ಐ, ಪಿಎಫ್ ಎಂಬುದನ್ನು ತೋರಿಸಿದ್ದು ಗಾರ್ಮೆಂಟ್ಸೇ. ಇದು ಸಣ್ಣ ಮಾತಲ್ಲ. ಆದರೆ ಮನೆಯೊಳಗೆ ಏನಾಯಿತು? ನಮ್ಮ ಲೈನಿನ ಹುಡುಗಿಯೊಬ್ಬಳನ್ನು ನೋಡಲು ಬಂದವರು ಕೇಳಿದ ಮೊದಲ ಪ್ರಶ್ನೆ, "ಸಂಬಳ ಎಷ್ಟು, ಪಿಎಫ್ ಎಷ್ಟು ಕೂಡಿದೆ?" ಹಾಗೆಂದು ಚಿನ್ನ, ಬೈಕು ಬಿಡಲಿಲ್ಲ. ಮದುವೆಯಾದ ವಾರಕ್ಕೇ ಅವಳ ಎಟಿಎಂ ಕಾರ್ಡು ಗಂಡನ ಜೇಬು ಸೇರಿತು. ಬಸ್ ಚಾರ್ಜಿಗೆ ಅವಳು ಅವನನ್ನೇ ಬೇಡಬೇಕು. ಒಂದು ದಿನ ಲೆಕ್ಕ ಕೇಳಿದ್ದಕ್ಕೆ ಕೆನ್ನೆ ಊದಿಸಿಕೊಂಡು ಕೆಲಸಕ್ಕೆ ಬಂದಳು. ವರದಕ್ಷಿಣೆ ನಿಲ್ಲಲಿಲ್ಲ, ತಿಂಗಳ ಕಂತಾಯಿತು.

ನಮಗೆ ಹೋರಾಡಲು ಬರುವುದಿಲ್ಲವೇ? 2016ರಲ್ಲಿ ಕೇಂದ್ರ ಸರ್ಕಾರ, ಪಿಎಫ್‌ನಲ್ಲಿ ಮಾಲೀಕರ ಪಾಲನ್ನು 58 ವರ್ಷ ತುಂಬುವವರೆಗೆ ತೆಗೆಯುವಂತಿಲ್ಲ ಎಂಬ ನಿಯಮ ತಂದಿತು. ಆ ಏಪ್ರಿಲ್ 18 ಮತ್ತು 19ರಂದು ಸಾವಿರಾರು ಹೆಂಗಸರು ಯಾವ ನಾಯಕರಿಗೂ ಕಾಯದೆ ಹೊಸೂರು ರಸ್ತೆಯಲ್ಲಿ, ತುಮಕೂರು ರಸ್ತೆಯಲ್ಲಿ ಕೂತರು. ಲಾಠಿ ಬಿತ್ತು, ಅಶ್ರುವಾಯು ಸಿಡಿಯಿತು. ಎರಡನೆಯ ದಿನವೇ ಸರ್ಕಾರ ಆದೇಶ ಹಿಂತೆಗೆದುಕೊಂಡಿತು. ಬೆವರಿನ ದುಡ್ಡನ್ನು ಸರ್ಕಾರದಿಂದ ಉಳಿಸಿಕೊಂಡ ನಾವು ಮನೆಯ ಹೊಸ್ತಿಲೊಳಗೆ ಅದನ್ನೇ ಸುಮ್ಮನೆ ಬಿಟ್ಟುಕೊಡುತ್ತಿದ್ದೇವೆ. ಅಲ್ಲಿ ಸಾವಿರ ಮಂದಿ ಇದ್ದೆವು, ಇಲ್ಲಿ ಒಬ್ಬೊಬ್ಬಳೇ. ವ್ಯತ್ಯಾಸ ಇಷ್ಟೇ.

ಕಾನೂನು ನಮ್ಮ ಕಡೆಗಿದೆ. ವರದಕ್ಷಿಣೆ ಕೇಳುವುದು 1961ರಿಂದಲೇ ಅಪರಾಧ. 2005ರ ಕೌಟುಂಬಿಕ ಹಿಂಸೆ ತಡೆ ಕಾಯಿದೆ ಹೊಡೆತವನ್ನಷ್ಟೇ ಹಿಂಸೆ ಎನ್ನುವುದಿಲ್ಲ. ಹೆಂಡತಿಯ ಹಣ, ಒಡವೆ ಕಿತ್ತುಕೊಳ್ಳುವುದೂ ಅದರ ಪ್ರಕಾರ ಹಿಂಸೆಯೇ. ನಮ್ಮ ರಾಜ್ಯದಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ಸಂರಕ್ಷಣಾಧಿಕಾರಿ. ಅಂಗನವಾಡಿ ಕೆಲಸಕ್ಕೆ ನಾವು ದಿನಾ ಹೆಸರು ಹೇಳುವ ಆ ಸಿಡಿಪಿಒ ಕಚೇರಿಗೇ ದೂರು ಕೊಡಬಹುದು.

ಕೊನೆಗೆ ಒಂದು ಕಹಿ ಮಾತು. ನಮ್ಮ ಸಂಘದ ಪುಸ್ತಕದಲ್ಲಿ "ಮದುವೆ ಖರ್ಚು" ಎಂದು ಬರೆದ ಸಾಲಗಳಲ್ಲಿ ಎಷ್ಟು ವರದಕ್ಷಿಣೆಗೆ ಹೋಗಿವೆ? ನಾನೇ ಸಹಿ ಹಾಕಿದವೂ ಇವೆ. ಇನ್ನು ಮುಂದೆ ಹಾಕುವುದಿಲ್ಲ. ವಾರದ ಸಭೆಯಲ್ಲಿ ಉಳಿತಾಯ ಎಷ್ಟು ಎಂದು ಕೇಳುವ ಮೊದಲು ಇನ್ನೊಂದು ಪ್ರಶ್ನೆ ಕೇಳೋಣ: "ಅಕ್ಕಾ, ನಿನ್ನ ಕಾರ್ಡು ಯಾರ ಹತ್ತಿರ ಇದೆ?" ಬೇರೆಯವರ ಹತ್ತಿರ ಎಂದರೆ ಎಲ್ಲರೂ ಸೇರಿ ಅವಳ ಮನೆಗೆ ಹೋಗೋಣ.